ಜಡ್ಡುಗಾಜು

ದಸ್ತಗೀರಸಾಬರು ಅಂಗಡಿಯ ಮುಂದೆ ಬಿದ್ದಿದ್ದ ಜಲ್ಲಿಕಲ್ಲೊಂದನ್ನು ಎತ್ತಿಕೊಂಡು, ಐದು ಹೆಜ್ಜೆ ಹಿಂದೆ ಸರಿದು, ಗೋಡೆಗೆ ಆನಿಸಿಟ್ಟಿದ್ದ ಗಾಜಿಗೆ ರಪ್ಪನೆ ಬೀಸಿದರು. ಗಾಜು ಒಡೆಯಲಿಲ್ಲ. ಕಲ್ಲು ತಾಗಿದ ಜಾಗದಲ್ಲಿ ಅಕ್ಕಿಕಾಳಿನಷ್ಟು ಗಾಯವಾಯಿತು. ಅದರ ಸುತ್ತ ಮೊದಲು ಹಾಲಿನಂಥ ಬಿಳುಪು ಹರಡಿತು. ಆಮೇಲೆ ಬಿಳುಪು ಕರಗಿ ಗಾಜು ಮೊದಲಿನಂತೆಯೇ ತಿಳಿಯಾಯಿತು. ಬೆರಳಾಡಿಸಿದರೆ ಮಾತ್ರ ಅಲ್ಲೊಂದು ಸಣ್ಣ ಉಬ್ಬು ಸಿಗುತ್ತಿತ್ತು.

"ನೋಡಿದೇನವಾ? ಇಪ್ಪತ್ತ ಎಣಸೂದ್ರಾಗ ಗಾಯ ಮಾಯ್ತು. ಇನ್ನ ಅದ ಜಾಗಕ್ಕ ಕಲ್ಲ ಬಿದ್ರ ಕಲ್ಲ ಪುಡಿ ಆಕ್ಕೈತಿ" ಎಂದರು ಸಾಬರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು. "ಮಹಾಂತೇಶಂದೂ ಇದ ಜಾತಿ ಗಾಜ. ಸುಳ್ಳ ಯಾಕ ಹೇಳಲಿ. ಅದ ಹೆಂಗ ಒಡೀತೋ ಆ ಅಲ್ಲಾಗ ಗೊತ್ತು."

ದ್ರಾಕ್ಷಾಯಣಿ ಗಾಜನ್ನು ನೋಡಿದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಗಂಡ ಮಹಾಂತೇಶ ಸತ್ತು ಐದು ತಿಂಗಳಾಗಿತ್ತು. ಈ ಐದು ತಿಂಗಳಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ. ಓಣಿಯ ಹೆಂಗಸರು ಆಡಿಕೊಂಡರು, ಬುದ್ಧಿ ಹೇಳಿದರು, ಕೊನೆಗೆ ಸುಮ್ಮನಾದರು. ಊಟದಲ್ಲಿ ಉಪ್ಪಿದೆಯೋ ಇಲ್ಲವೋ ಅವಳಿಗೆ ತಿಳಿಯುತ್ತಿರಲಿಲ್ಲ. ಬೇಕೆಂದು ಹೀಗಿದ್ದಳು ಎಂದುಕೊಳ್ಳಬೇಡಿ. ಅಳು ಬರಲೊಲ್ಲದು, ಅಷ್ಟೆ.

ಗಂಡನ ಟಂಟಂ ಇನ್ನು ಮುಂದೆ ತಾನೇ ಓಡಿಸುವುದೆಂದು ಅವಳು ನಿಶ್ಚಯಿಸಿದ್ದಳು. ಅವಳು ನೇಯುತ್ತಿದ್ದ ಕೈಮಗ್ಗದ ಮೇಲೆ ಈಗ ಅತ್ತೆ ಸಂಗವ್ವ ಕೂತಿದ್ದಳು. ಗಾಡಿಗೆ ಬೇಕಾಗಿದ್ದದ್ದು ಒಂದು ಮುಂಗಾಜು, ಅದೂ ಮತ್ತೆ ಒಡೆಯದಂಥದ್ದು.

ಇಳಕಲ್ಲಿನ ಟಂಟಂ ಎಂದರೆ ಮೂರು ಗಾಲಿ, ಮೇಲೊಂದು ಮಾಡು, ಎರಡೂ ಮಗ್ಗುಲು ಬಯಲು. ಮುಂದಿನ ಗಾಜೊಂದೇ ಅದಕ್ಕಿರುವ ಗೋಡೆ. ಕಂಪನಿಯವರು ಹಾಕಿ ಕಳಿಸುವ ತೆಳುಗಾಜು ಕೆಂಪುಕಲ್ಲಿನ ಗಣಿರಸ್ತೆಯಲ್ಲಿ ಎರಡು ತಿಂಗಳು ಬಾಳಿದರೆ ಹೆಚ್ಚು. ಆದ್ದರಿಂದ ಹೊಸ ಗಾಡಿ ತಂದವರು ಮೊದಲು ಬರುವುದೇ ಸಾಬರ ಅಂಗಡಿಗೆ. ಅಲ್ಲಿ ಪದರಗಾಜು ಇದೆ, ಗಟ್ಟಿ. ಆದರೆ ಒಮ್ಮೆ ಬಿರುಕು ಬಿಟ್ಟರೆ ಮರುದಿನಕ್ಕೆ ಅಂಚು ಮುಟ್ಟುತ್ತದೆ. ಪ್ಲಾಸ್ಟಿಕ್ ಹಾಳೆ ಇದೆ. ಒಡೆಯುವುದೇ ಇಲ್ಲ, ಆದರೆ ಕೆಂಪು ಧೂಳು ಉಜ್ಜಿ ಉಜ್ಜಿ ಆರು ತಿಂಗಳಲ್ಲಿ ಪೂರ್ತಿ ಮಬ್ಬಾಗುತ್ತದೆ. ಮೂರನೆಯದು ಜಡ್ಡುಗಾಜು.

ಈ ಗಾಜಿನ ಬಗ್ಗೆ ನಾಲ್ಕು ಮಾತು ಹೇಳದೆ ಕಥೆ ಮುಂದೆ ಹೋಗುವುದಿಲ್ಲ, ಓದುಗರು ಬೇಸರಿಸಬಾರದು. ಇದು ಎರಡು ತೆಳುಪೊರೆಗಳ ನಡುವೆ ಮಂದ ಪಾಕ ತುಂಬಿದ ಗಾಜು. ಪಾಕದಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಹರಳುಗಳು ತೇಲುತ್ತಿರುತ್ತವೆ. ಅವುಗಳಿಗೆ ಅಲೆಮಾರಿ ಕಣಗಳೆಂದು ಹೆಸರು. ಗಾಜಿನ ಮೇಲೆ ಎಲ್ಲಿಯಾದರೂ ಚುರುಕು ಪೆಟ್ಟು ಬಿದ್ದರೆ ಆ ಪೆಟ್ಟಿನ ಕಂಪನ ಪಾಕದೊಳಗೆ ಹರಡುತ್ತದೆ. ಕಣಗಳು ಕಂಪನದ ಮೂಲವನ್ನು ಹುಡುಕಿಕೊಂಡು ಹೋಗಿ ಅಲ್ಲಿ ಹೆಪ್ಪುಗಟ್ಟುತ್ತವೆ. ಕೆಲಸ ಮಾಡುವ ಅಂಗೈಯಲ್ಲಿ ಜಡ್ಡು ಕಟ್ಟುವುದಿಲ್ಲವೇ, ಹಾಗೆ. ಪೆಟ್ಟು ತಿಂದಷ್ಟೂ ಗಟ್ಟಿಯಾಗುವ ಗಾಜು! ಅದನ್ನು ಕಂಡುಹಿಡಿದವರಿಗೆ ಶಾಲು ಹೊದಿಸಿ ಹಾರ ಹಾಕಿದ್ದೂ ಆಗಿತ್ತು.

ಶಾಲು ಹೊದಿಸಿಕೊಂಡ ಡಾ. ಚಿದಂಬರ ಹೊಳ್ಳರು ಅದೇ ಬೆಳಿಗ್ಗೆ ಧಾರವಾಡದ ಪ್ರಯೋಗಾಲಯದಿಂದ ಸಾಬರ ಅಂಗಡಿಗೆ ಬಂದಿಳಿದರು. ಮೂರು ವರ್ಷದಲ್ಲಿ ಮಾರಾಟವಾದ ಗಾಜುಗಳಲ್ಲಿ ಒಡೆದದ್ದು ಒಂದೇ ಒಂದು. ಒಡೆದ ಗಾಜನ್ನು ಸಾಬರು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಹೊಳ್ಳರು ಬಂದದ್ದು ಅದನ್ನು ನೋಡಲಿಕ್ಕೆ.

"ಇವರು ಯಾರು?" ಎಂದು ಹೊಳ್ಳರು ಮೆಲ್ಲಗೆ ಕೇಳಿದರು.

"ಆ ಗಾಜಿನ ಹಿಂದ ಕುಂತವನ ಹೇಣ್ತಿ" ಎಂದಳು ದ್ರಾಕ್ಷಾಯಣಿಯೇ. "ನಾ ಇದ್ರ ನಿಮಗೇನ ಅಡ್ಡಿ ಇಲ್ಲಲ್ಲ?"

ಹೊಳ್ಳರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಚೀಲ ಬಿಚ್ಚಿ ಗಾಜನ್ನು ಮೇಜಿನ ಮೇಲೆ ಮಲಗಿಸಿದರು. ಚಾಲಕನ ಮುಖದ ಮಟ್ಟದಲ್ಲಿ ಲಿಂಬೆಹಣ್ಣು ಹಿಡಿಸುವಷ್ಟು ತೂತು ಇತ್ತು. ಮುಂದೆ ಹೋಗುತ್ತಿದ್ದ ಲಾರಿಯ ಗಾಲಿಯಿಂದ ಸಿಡಿದ ಕಲ್ಲೂ ಅಷ್ಟೇ ಇತ್ತಂತೆ. ಅಷ್ಟು ಸಣ್ಣ ಕಲ್ಲಿಗೆ ಜಡ್ಡುಗಾಜು ಬಗ್ಗುವುದುಂಟೆ?

ಹೊಳ್ಳರು ದಪ್ಪ ಅಳೆಯುವ ಕೈಯಂತ್ರವನ್ನು ಗಾಜಿನ ಮೇಲೆ ಆಡಿಸುತ್ತ ಹೋದರು. ಕಾರ್ಖಾನೆಯಿಂದ ಬರುವಾಗ ಎಲ್ಲೆಡೆ ಆರು ಮಿಲಿಮೀಟರು ಇದ್ದ ಗಾಜು ಅದು. ತೂತಿನ ಸುತ್ತ ಯಂತ್ರ ಎರಡು ತೋರಿಸಿತು. ಎಡಗಡೆಯ ಕೆಳಮೂಲೆಗೆ ಬಂದಾಗ ಹನ್ನೊಂದು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಅಳೆದರು. ಹನ್ನೊಂದೇ!

"ಈ ಮೂಲೆಗೆ ಇಷ್ಟು ಪೆಟ್ಟು ಬಿದ್ದದ್ದು ಹೇಗೆ? ರಸ್ತೆಯ ಕಲ್ಲು ಒಂದೇ ಮೂಲೆಗೆ ಇಷ್ಟು ಬೀಳುವುದಿಲ್ಲ. ಅಲ್ಲದೆ ಉಬ್ಬು ಇರುವುದು ಒಳಮೈಯಲ್ಲಿ. ಯಾರೋ ಒಳಗಿನಿಂದ ಹೊಡೆದಿದ್ದಾರೆ."

ಸಾಬರಿಗೆ ನಗು ಬಂತು. "ಹೊಡದಿಲ್ಲರೀ ಸಾಹೇಬ್ರ, ಕರದಾರ. ಊರಾಗ ಹಾರ್ನ್ ಬಂದ್ ಮಾಡಿ ಹದಿನೈದ ವರ್ಷ ಆತಲ್ಲ? ಈಗಿನ ಗಾಡಿ ತನಗ ಅಪಾಯ ಕಂಡ್ರ ತಾನ ಕೂಗತೈತಿ, ನಾವ್ ಒತ್ತಿದ್ರ ಕೂಗೂದಿಲ್ಲ. ಹಂಗಾರ ಪ್ಯಾಸೆಂಜರ್‌ನ ಕರಿಯೂದು ಹೆಂಗ? ಗಾಡಿ ಮೈ ಎಲ್ಲಾ ಪ್ಲಾಸ್ಟಿಕ್. ಬಡದ್ರ ಸಪ್ಪಳ ಬರೂದು ಗಾಜೊಂದ." ಅವರು ಅಂಗಡಿಯ ಮುಂದೆ ನಿಂತಿದ್ದ ಯಾರದೋ ಟಂಟಂ ಹತ್ತಿ ಕೂತು, ಬಲಗೈಯಿಂದ ಹಿಡಿಕೆ ಹಿಡಿದು, ಎಡಗೈಯ ಉಂಗುರದಿಂದ ಎಡಮೂಲೆಯ ಗಾಜನ್ನು ಬಡಿದರು. ಟಕ್ ಟಕ್ ಟಕ್. ರಸ್ತೆಯಾಚೆ ನಡೆದು ಹೋಗುತ್ತಿದ್ದ ಇಬ್ಬರು ಕೂಡಲೇ ತಿರುಗಿ ನೋಡಿದರು.

ಹೊಳ್ಳರು ಆ ಗಾಡಿಯ ಗಾಜನ್ನೂ ಅಳೆದರು. ಮೂಲೆಯಲ್ಲಿ ಎಂಟು, ಮುಖದ ಎದುರು ನಾಲ್ಕು. ಸ್ಟ್ಯಾಂಡಿಗೆ ಹೋಗಿ ಇನ್ನೂ ಹತ್ತು ಗಾಡಿ ಅಳೆದು ಬಂದರು. ಎಲ್ಲ ಕಡೆಯೂ ಅದೇ ಕಥೆ. ಬಂದವರು ಸ್ಟೂಲಿನ ಮೇಲೆ ಕುಸಿದರು.

"ಕಣಗಳ ಒಟ್ಟು ಮೊತ್ತ ಹೆಚ್ಚುವುದಿಲ್ಲ" ಎಂದರು. "ಒಂದು ಕಡೆ ಸೇರಬೇಕಾದರೆ ಇನ್ನೊಂದು ಕಡೆಯಿಂದ ಹೋಗಬೇಕು. ಪೆಟ್ಟು ಬೀಳದ ಜಾಗದಿಂದ ಹೋಗುತ್ತವೆ. ರಸ್ತೆಯ ಕಲ್ಲು ಹೆಚ್ಚಾಗಿ ತಗ್ಗಿನಲ್ಲೇ ತಾಗುತ್ತದೆ, ಮುಖದ ಮಟ್ಟಕ್ಕೆ ಬರುವುದು ಅಪರೂಪ. ಆದ್ದರಿಂದ ಅಲ್ಲಿಂದಲೇ ಖಾಲಿಯಾಗುತ್ತ ಬಂದಿದೆ. ಉಂಗುರದ ಬಡಿತಕ್ಕೂ ಕಲ್ಲಿನ ಪೆಟ್ಟಿಗೂ ಗಾಜಿಗೆ ವ್ಯತ್ಯಾಸ ತಿಳಿಯುವುದಿಲ್ಲ."

"ಹಂಗಾರ ಇವರದು ಎರಡಕ್ಕ ಯಾಕ ಇಳೀತು? ಉಳದವ್ರದು ನಾಲ್ಕ ಐತಿ" ಎಂದು ದ್ರಾಕ್ಷಾಯಣಿ ಕೇಳಿದಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

"ಅದೇ ತಿಳಿಯುತ್ತಿಲ್ಲ. ನಿಮ್ಮ ಯಜಮಾನರು ಉಳಿದವರಿಗಿಂತ ಬಹಳ ಹೆಚ್ಚು ಬಡಿದಿರಬೇಕು. ಬಹಳ ಜೋರಾಗಿ."

ದ್ರಾಕ್ಷಾಯಣಿ ಎದ್ದು ಬಂದು ಆ ಉಬ್ಬಿನ ಮೇಲೆ ಹೆಬ್ಬೆರಳು ಇಟ್ಟಳು.

"ನಮ್ಮ ಮನಿ ಗಣಿರಸ್ತೆ ಮ್ಯಾಲ ಐತ್ರಿ. ನಾ ಕಿಡಕಿ ಬಾಜೂಕ ಮಗ್ಗಕ್ಕ ಕುಂದರತಿದ್ದೆ. ಮಗ್ಗದ ಸಪ್ಪಳದಾಗ ಮೆಲ್ಲಕ ಬಡದ್ರ ಕೇಳೂದಿಲ್ಲ. ಹೋಗೂ ಮುಂದ ಮೂರ ಸಲ, ಬರೂ ಮುಂದ ಮೂರ ಸಲ. ದಿನಾ ಹನ್ನೆರಡ ಟ್ರಿಪ್." ಉಬ್ಬಿನಿಂದ ಬೆರಳು ತೆಗೆಯದೆ ಹೇಳಿದಳು: "ನಾ ಮಗ್ಗದ ಹಲಗಿ ಎರಡ ಸಲ ಬಡದು ಓ ಅಂತಿದ್ದೆ. ಓ ಅನಲಿಲ್ಲಂದ್ರ ಗಾಡಿ ನಿಂದರಿಸಿ ಮತ್ತ ಬಡೀತಿದ್ರು."

ಹೊಳ್ಳರು ಲೆಕ್ಕ ಮಾಡಲು ತೆಗೆದಿದ್ದ ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸೇರಿಸಿದರು.

"ನನ್ನ ಕರದ ಕರದ ಸತ್ರು ಅನ್ರಿ."

"ಯವ್ವಾ, ಹಂಗ ಅನಬ್ಯಾಡವಾ!" ಎಂದರು ಸಾಬರು.

"ತಪ್ಪು ನಮ್ಮದು" ಎಂದರು ಹೊಳ್ಳರು. "ಪ್ರಯೋಗಾಲಯದಲ್ಲಿ ಹೊರಗಿನಿಂದ ಎಂಟು ಸಾವಿರ ಕಲ್ಲು ಹೊಡೆದು ನೋಡಿದೆವು. ಒಳಗೆ ಒಬ್ಬ ಮನುಷ್ಯ ಕೂತಿರುತ್ತಾನೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಗಾಜುಗಳನ್ನೆಲ್ಲ ವಾಪಸು ತರಿಸುತ್ತೇನೆ. ಒಳಮೈಗೆ ಇನ್ನೊಂದು ಪೊರೆ ಹಾಕಿದರೆ ಒಳಗಿನ ಬಡಿತ ಕಣಗಳಿಗೆ ತಲುಪುವುದೇ ಇಲ್ಲ. ಅಂಥ ಮೊದಲ ಗಾಜು ನಿಮ್ಮ ಗಾಡಿಗೇ ಹಾಕಿಸುತ್ತೇನೆ."

ಯೋಗ್ಯವಾದ ಮಾತು. ನಾನಾಗಿದ್ದರೆ ಒಪ್ಪಿಬಿಡುತ್ತಿದ್ದೆ, ನೀವೂ ಒಪ್ಪುತ್ತಿದ್ದಿರಿ. ದ್ರಾಕ್ಷಾಯಣಿ ಒಪ್ಪಲಿಲ್ಲ.

"ಬ್ಯಾಡ್ರಿ. ಒಳಗಿಂದ ಬಡದ್ರ ಕೇಳದ ಗಾಜ ನನಗ ಬ್ಯಾಡ. ಹಳೇದ ಹಾಕ್ರಿ."

"ಅಮ್ಮಾ, ಅದು ಅಪಾಯ. ಈಗ ತಾನೇ ಹೇಳಿದೆನಲ್ಲ."

"ಬಡದ ಜಾಗದಾಗ ಗಟ್ಟಿ ಆಕ್ಕೈತಿ ಅಂದ್ರಿ ಹೌದಲ್ಲ?"

"ಹೌದು."

"ಹಂಗಾರ ಇಲ್ಲೆ ಬಡದ್ರ?" ಅವಳು ಹೊಸ ಜಡ್ಡುಗಾಜಿನ ಮುಂದೆ ನಿಂತು ತನ್ನ ಮುಖದ ನೇರಕ್ಕೆ ಬೆರಳಿಟ್ಟಳು.

ಮೂರು ವರ್ಷ, ಹದಿನಾಲ್ಕು ಮಂದಿ ವಿಜ್ಞಾನಿಗಳು, ಒಬ್ಬರಿಗಾದರೂ ಇದು ಹೊಳೆಯಬಾರದೆ! ಹೊಳ್ಳರು ಪೆನ್ನಿನ ಟೋಪಿ ಮತ್ತೆ ತೆಗೆದರು. ದಿನಾ ಬೆಳಿಗ್ಗೆ ಮುಖದೆದುರು ಮೂವತ್ತು ಬಡಿತ ಬಿದ್ದರೆ, ಪ್ರಯಾಣಿಕರನ್ನು ಎಷ್ಟೇ ಕರೆದರೂ ಅಲ್ಲಿನ ದಪ್ಪ ಎಂಟಕ್ಕಿಂತ ಕೆಳಗಿಳಿಯುವುದಿಲ್ಲ ಎಂದು ಲೆಕ್ಕ ಬಂತು. ಕಾಣಿಸುವುದಕ್ಕೂ ತೊಂದರೆಯಿಲ್ಲ.

ಸಾಬರು ಅದೇ ಸಂಜೆ ಗಾಜು ಕೂಡಿಸಿದರು. ಒಡೆದ ಗಾಜಿನ ಉಬ್ಬಿದ ಮೂಲೆಯನ್ನು ಕತ್ತರಿಸಿ, ಅಂಚು ನುಣುಪು ಮಾಡಿ, ಕಾಗದದಲ್ಲಿ ಸುತ್ತಿ ಅವಳ ಕೈಗಿಟ್ಟರು. ಅದು ಅಂಗೈಯಷ್ಟಿತ್ತು, ಗಾತ್ರಕ್ಕಿಂತ ಭಾರವಿತ್ತು.

ಅದನ್ನು ಒಯ್ದು ಅವಳು ಅತ್ತೆಯ ಮುಂದೆ ಇಟ್ಟಳು. ಏನನ್ನೂ ಮುಚ್ಚಿಡದೆ ಹೇಳಿದಳು. ತಾನು ಹಲಗೆ ಎರಡು ಸಲ ಬಡಿದು ಓ ಅನ್ನುವವರೆಗೆ ಅವನು ಬಡಿಯುತ್ತಿದ್ದದ್ದು, ಕೆಲವೊಮ್ಮೆ ಕೀಟಲೆಗೆಂದು ತಾನು ತಡಮಾಡಿ ಓ ಅನ್ನುತ್ತಿದ್ದದ್ದು, ಎಲ್ಲವನ್ನೂ. ಸಂಗವ್ವ ಗಾಜಿನ ತುಂಡನ್ನು ಮುಟ್ಟಿ ನೋಡಿದಳು. ಮಗನ ಹೆಸರೆತ್ತಲಿಲ್ಲ, ಸೊಸೆಯನ್ನು ಬೈಯಲೂ ಇಲ್ಲ. ಎದ್ದು ಹೋಗಿ ಮಗ್ಗಕ್ಕೆ ಕೂತಳು. ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಊಟಕ್ಕೆ ಬಾ ಎಂದು ಇವಳು ಕರೆದರೆ ಬಂದು ಉಣ್ಣುವಳು, ಕೈ ತೊಳೆಯುವಳು, ಮಲಗುವಳು. ಬೈದಿದ್ದರೆ ಆಗುತ್ತಿತ್ತು ಎಂದು ದ್ರಾಕ್ಷಾಯಣಿಗೆ ಅನ್ನಿಸಿತು. ಐದು ತಿಂಗಳಲ್ಲಿ ಅವಳಿಗೆ ಅನ್ನಿಸಿದ ಮೊದಲ ಸಂಗತಿ ಅದು.

ದಿನಾ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಅವಳು ಗಂಡನ ಬೆಳ್ಳಿ ಉಂಗುರ ತೊಟ್ಟು, ಮುಖದೆದುರಿನ ಗಾಜಿಗೆ ಎಣಿಸಿ ಮೂವತ್ತು ಬಡಿಯುತ್ತಿದ್ದಳು. ಮೊದಲ ವಾರ ಚಾಲಕರು ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡರು. ಸಾಬರು ಹೋಗಿ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ ಮೇಲೆ ಅವರೂ ಶುರು ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಇಡೀ ಸ್ಟ್ಯಾಂಡಿನ ಚಾಲಕರು ದಿನಾ ಬೆಳಿಗ್ಗೆ ಗಾಡಿಯಲ್ಲಿ ಕೂತು ತಮ್ಮ ತಮ್ಮ ಮುಖದೆದುರು ಟಕ್ ಟಕ್ ಎಂದು ಬಡಿಯತೊಡಗಿದರು. ಪರವೂರಿನವರು ಅದನ್ನು ಯಾವುದೋ ದೇವರ ಪೂಜೆ ಎಂದೇ ತಿಳಿದರು. ಹೊಳ್ಳರ ಸುಧಾರಿತ ಗಾಜು ಬಂದು ಸಾಬರ ಅಂಗಡಿಯಲ್ಲಿ ಧೂಳು ತಿಂದಿತು. ಇಳಕಲ್ಲಿನಲ್ಲಿ ಅದನ್ನು ಒಬ್ಬರೂ ಕೊಳ್ಳಲಿಲ್ಲ.

ಆದರೆ ಎಡಮೂಲೆಯನ್ನು ದ್ರಾಕ್ಷಾಯಣಿ ಮುಟ್ಟುತ್ತಿರಲಿಲ್ಲ. ಪ್ರಯಾಣಿಕರನ್ನು ಬಾಯಿಂದಲೇ ಕೂಗುತ್ತಿದ್ದಳು. ಮನೆಯ ಮುಂದೆ ದಿನಕ್ಕೆ ಇಪ್ಪತ್ತನಾಲ್ಕು ಸಲ ಹಾಯುವಾಗಲೂ ಎಡಗೈ ತೊಡೆಯ ಮೇಲೆಯೇ ಇರುತ್ತಿತ್ತು. ಕಿಟಕಿಯಾಚೆ ಮಗ್ಗದ ಸದ್ದು ಕೇಳಿ ಮರೆಯಾಗುತ್ತಿತ್ತು.

ಒಂದು ಮಧ್ಯಾಹ್ನ ಗಾಡಿಯಲ್ಲಿ ಆರು ಮಂದಿ ಗಣಿಕೆಲಸದವರಿದ್ದರು. ಮನೆ ಹತ್ತಿರ ಬಂತು. ಯಾಕೋ, ಕೈ ತಾನಾಗಿ ಎದ್ದಿತು. ತಡೆಯಬೇಕೆನ್ನುವಷ್ಟರಲ್ಲಿ ಉಂಗುರ ಗಾಜಿಗೆ ತಾಗಿತ್ತು.

ಟಕ್ ಟಕ್ ಟಕ್.

ಒಳಗೆ ಮಗ್ಗ ನಿಂತಿತು. ಮುದುಕಿಯ ಎದೆಗೆ ಬಡಿದೆನಲ್ಲ, ಎಂಥ ಪಾಪಿ ನಾನು ಎಂದು ದ್ರಾಕ್ಷಾಯಣಿ ತನ್ನನ್ನೇ ಶಪಿಸಿಕೊಂಡಳು. ಗಾಡಿ ತಾನಾಗಿ ನಿಧಾನವಾಗಿ ನಿಂತಿತು.

ಆಗ ಕಿಟಕಿಯೊಳಗಿನಿಂದ ಮಗ್ಗದ ಹಲಗೆ ಬಡಿದ ಸದ್ದು ಬಂತು. ಧಡ್. ಸ್ವಲ್ಪ ತಡೆದು ಇನ್ನೊಂದು, ಧಡ್.

ಹಿಂದೆ ಕೂತವರಲ್ಲಿ ಒಬ್ಬ ಕೇಳಿದ: "ಯಾಕವಾ ನಿಂದರಿಸಿದಿ? ಚಾರ್ಜ್ ಖಾಲಿ ಆತೇನ?"

"ಇಲ್ಲಪಾ, ಗಾಜಿನ್ಯಾಗ ಏನೂ ಕಾಣವಲ್ದು" ಎಂದಳು ದ್ರಾಕ್ಷಾಯಣಿ, ಎರಡೂ ಕೈಯಲ್ಲಿ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು.

ಅವನು ಬಗ್ಗಿ ನೋಡಿದ. ಗಾಜು ತಿಳಿಯಾಗಿಯೇ ಇತ್ತು.