ಹೊಳೆ ಮುಟ್ಟಿ ಹೇಳು

ಕಾವೇರಿ ದಡದ ಕೆಸರಲ್ಲಿ ಸ್ಕೂಟರ್ ಜಾರಿತು. ನಾನೂ ಜಾರಿದೆ.

ಹಿಂದೆಯೇ ಜೀಪು ಬ್ರೇಕ್ ಹಾಕಿದ ಸದ್ದು... ಕುಶಾಲನಗರದ ಪೊಲೀಸ್ ಸ್ಟೇಷನ್ ಇನ್ನೂ ಎಂಟು ಕಿಲೋಮೀಟರ್!

ಕ್ಯಾಮೆರಾಮನ್ ಇಲ್ಲ. ಚಾನೆಲ್‌ನವರು ಹೋದ ವರ್ಷವೇ ತೆಗೆದರು. ಮೈಕು ನಾನೇ, ಮೊಬೈಲು ನಾನೇ, ಏಟು ತಿನ್ನೋಳೂ ನಾನೇ. ಇಪ್ಪತ್ತೆರಡು ವರ್ಷದ ಸರ್ವಿಸು!

ಜೀಪಿನಿಂದ ಧರ್ಮೇಂದ್ರ ಇಳಿದ. ಶುಂಠಿ ವ್ಯಾಪಾರಿ. ಹಣೆ ತುಂಬ ಕುಂಕುಮ. ದಡದಲ್ಲೇ ಅವನ ಶುಂಠಿ ತೊಳೆಯುವ ಶೆಡ್ಡು. ಅಲ್ಲಿ ಮಿಕ್ಕ ಕೀಟನಾಶಕ ಔಷಧಿಯನ್ನು ಕ್ಯಾನುಗಟ್ಟಲೆ ಹೊಳೆಗೆ ಸುರಿಸುತ್ತಿದ್ದ. ಬೆಳಿಗ್ಗೆ ಮೊಬೈಲಲ್ಲಿ ಶೂಟ್ ಮಾಡಿದ್ದೆ.

ಮೂರು ದಿನದಿಂದ ಮೀನು ಸತ್ತು ತೇಲುತ್ತಿದ್ದವು. ಆದರೆ ಧರ್ಮೇಂದ್ರನ ಮಾತು ಕೇಳಿ ಪೊಲೀಸರು ಸಂಜೆ ಎತ್ತಿಕೊಂಡು ಹೋಗಬೇಕೆಂದಿದ್ದದ್ದು ನಮ್ಮಪ್ಪ ಕೆಂಪಣ್ಣನನ್ನು. ಅಪ್ಪನದೂ ಅರ್ಧ ಎಕರೆ ಶುಂಠಿ ನೋಡಿ... ಮೇಲಾಗಿ ಹಾಸನದ ಕಡೆಯಿಂದ ಬಂದವರು. ಬಂದು ನಲವತ್ತು ವರ್ಷ ಆಯ್ತು. ಇನ್ನೂ 'ಬಂದವರೇ'!

"ಫೋನ್ ಕೊಡಮ್ಮ, ದಿವ್ಯಶ್ರೀ."

"ಲಾಕ್ ಇದೆ."

"ಕಲ್ಲಿಗೆ ಪಾಸ್‌ವರ್ಡ್ ಬೇಡ," ಅಂದ. ಕಿತ್ತುಕೊಂಡು ಬಂಡೆಗೆ ಬಡಿದ. ಮುಗೀತು.

ಶೆಡ್ಡಿನ ಹೆಂಗಸರು ಕೆಲಸ ಬಿಟ್ಟು ಬಂದು ನಿಂತರು. ಮುಂದೆ ಅವರ ಮೇಸ್ತ್ರಿ ಮುತ್ತಮ್ಮ.

"ವಿಡಿಯೋ ಕಾಪಿ ಎಲ್ಲಿದೆ?" ಅಂದ ಧರ್ಮೇಂದ್ರ.

"ಇಲ್ಲ."

"ಹಂಗಾದ್ರೆ ಹೊಳೆಗಿಳಿ. ಬೊಗಸೇಲಿ ನೀರು ಹಿಡ್ದು ಕಾವೇರಮ್ಮನ ಮೇಲೆ ಆಣೆ ಹಾಕು!"

ಮಂತ್ರಿಗಳ ಮುಂದೆ ಸುಳ್ಳು ಹೇಳಿದ್ದೇನೆ. ಎಸ್ಪಿ ಮುಂದೆ ಹೇಳಿದ್ದೇನೆ. ಇಳಿದೆ... ಬೊಗಸೆ ತುಂಬಿತು. ನಾಲಿಗೆ ಏಳಲಿಲ್ಲ. ಗಂಟುಮೂಟೆ ಇಳಿಸಿದ ದಿನ ನಮ್ಮವ್ವ ಈ ತಾಯಿಯ ನೀರಲ್ಲೇ ಒಲೆಗೆ ಎಸರಿಟ್ಟದ್ದು.

"ಇದೆ. ಆಫೀಸಿಗೆ ಕಳಿಸಿದ್ದೀನಿ. ಬೇರೆಲ್ಲೂ ಇಲ್ಲ."

ಧರ್ಮೇಂದ್ರ ನಕ್ಕ.

"ಪ್ರಸಾದ್ ಸಾರ್‌ಗೆ ತಾನೆ? ಅವರು ಆಗಲೇ ಅಳಿಸಿದ್ರು. ನೀನು ಈ ದಾರೀಲಿ ಬರ್ತೀಯ ಅಂತ ನಂಗೆ ಮತ್ಯಾರು ಹೇಳ್ಬೇಕು?"

ಪ್ರಸಾದ್... ನಮ್ಮ ಚೀಫ್ ಎಡಿಟರ್! ಸಿಟ್ಟು ಬರಬೇಕಿತ್ತು. ಸುಸ್ತು ಬಂತು.

ನೀರು ಇನ್ನೂ ಕೈಯಲ್ಲಿತ್ತು.

"ನಾನು ಹೇಳಿದ್ದಾಯ್ತು. ಈಗ ನೀವು ಇಳೀರಿ ಧರ್ಮೇಂದ್ರಣ್ಣ. ಔಷಧಿ ಸುರಿದದ್ದು ಕೆಂಪಣ್ಣ ಅಂತ ಅಮ್ಮನ ಮೇಲೆ ಆಣೆ ಹಾಕಿ."

"ಏ... ನಾನ್ಯಾಕೆ?"

"ಇಳೀರಿ ಸಾವ್ಕಾರ್ರೇ," ಅಂದಳು ಮುತ್ತಮ್ಮ. "ಒಂದು ಬೊಗಸೆ. ಅಷ್ಟೇ ಅಲ್ವಾ?"

ಬಂದ. ನೀರಿನಂಚಿಗೆ ಬಂದು ನಿಂತ. ಬಗ್ಗಿದ... ಕೈ ಹಿಂದೆ ಕಟ್ಟಿಕೊಂಡ.

"ನಂಗೆ ಶೀತ ಆಗಿದೆ!"

ಒಬ್ಬರೂ ನಗಲಿಲ್ಲ.

"ಕ್ಯಾನು ಹೊತ್ತದ್ದು ನಾವೇ," ಅಂದಳು ಮುತ್ತಮ್ಮ. "ಹೊಟ್ಟೆಪಾಡು, ಬಾಯಿ ಮುಚ್ಕೊಂಡಿದ್ವಿ. ಅಮ್ಮನ್ನ ಮುಟ್ಟೋಕೆ ಅಂಜೋರ ಕೂಲಿ ಇನ್ನು ಬೇಡ. ನಡೀರೇ, ಸ್ಟೇಷನ್ನಿಗೆ!"

ಹನ್ನೊಂದು ಹೆಂಗಸರು ಸಾಕ್ಷಿ ಹೇಳಿದರು. ಸಂಜೆ ಪೊಲೀಸ್ ಜೀಪು ಹತ್ತಿದ್ದು ಧರ್ಮೇಂದ್ರ. ಅಪ್ಪ ಮನೆಯಲ್ಲೇ ಮುದ್ದೆ ಉಂಡ.

ಊಟದ ಮಧ್ಯೆ ಅಪ್ಪನ ಫೋನಿಗೆ ಪ್ರಸಾದ್!

"ದಿವ್ಯಾ! ಎಲ್ಲಾ ಚಾನೆಲ್ಲೂ ಓಡಿಸ್ತಿವೆ... ನಮ್ಮ ಹತ್ರ ವಿಶುವಲ್ಸೇ ಇಲ್ಲ! ಇನ್ನೊಂದ್ಸಲ ಕಳಿಸಮ್ಮ!"

"ಅಳಿಸಿದವರನ್ನೇ ಕ್ಯಾಮೆರಾ ಮುಂದೆ ಕೂರಿಸಿ ಒಂದು ಬೈಟ್ ತಗೊಳ್ಳಿ ಸಾರ್," ಅಂದೆ. "ಅದು ಬೇರೆ ಯಾವ ಚಾನೆಲ್‌ಗೂ ಸಿಗಲ್ಲ."

ಇಪ್ಪತ್ತೆರಡು ವರ್ಷದಲ್ಲಿ ಆ ಆಫೀಸಿಗೆ ನಾನು ಕೊಟ್ಟ ಕೊನೇ ಎಕ್ಸ್‌ಕ್ಲೂಸಿವ್!