ಬೆಣಚುಕಲ್ಲಿನ ಹೂಶಾಲೆ

ಎಷ್ಟೋ ತಲೆಮಾರುಗಳ ಹಿಂದೆ ಸಂಪಗೆನಾಡು ಅಂತ ಒಂದು ರಾಜ್ಯವಿತ್ತು. ಸಂಪಗೆ ಹೆಸರಿನಲ್ಲಷ್ಟೇ ಉಳಿದಿತ್ತು. ಭಸ್ಮಾಂಗನೆಂಬ ಮಾಂತ್ರಿಕ ನಾಡಿನ ಹೂಗಳನ್ನೆಲ್ಲ ತನ್ನ ಕೋಟೆಗೆ ಎಳೆದುಕೊಂಡು ಹೋಗಿ ಮೂವತ್ತು ವರ್ಷವಾಗಿತ್ತು. ಮದುವೆಯಲ್ಲಿ ಒಣಸೊಪ್ಪಿನ ಹಾರ ಹಾಕುತ್ತಿದ್ದರು. ಸತ್ತವರನ್ನು ಹೂವಿಲ್ಲದೆಯೇ ಕಳಿಸುತ್ತಿದ್ದರು.

ಆದರೂ ಅರಮನೆಯ ಹೂಶಾಲೆ ಮುಚ್ಚಿರಲಿಲ್ಲ. ಅರಮನೆಯ ಕೆಲಸಗಳೇ ಹಾಗೆ, ಯಾವ ದೇಶಕ್ಕೆ ಹೋದರೂ ಅಷ್ಟೇ; ಒಮ್ಮೆ ಶುರುವಾದದ್ದು ನಿಲ್ಲುವುದಿಲ್ಲ. ಹೂವಿಲ್ಲದ್ದರಿಂದ ಹುಡುಗಿಯರು ಬಾಳೆನಾರಿನಲ್ಲಿ ಬೆಣಚುಕಲ್ಲು ಕಟ್ಟಿ ಕಲಿಯುತ್ತಿದ್ದರು. ಮಧ್ಯಾಹ್ನ ವ್ಯಾಪಾರದ ಪಾಠ. ಖಾಲಿ ಬೀದಿಗೆ ಮುಖಮಾಡಿ ನಿಂತು “ಮಲ್ಲಿಗೇ, ಘಮಘಮ ಮಲ್ಲಿಗೇ” ಎಂದು ಕೂಗುತ್ತಿದ್ದರು.

“ಗಂಟು ಬಿಗಿ, ಇನ್ನೂ ಬಿಗಿ” ಎನ್ನುತ್ತಿದ್ದಳು ಗುರು ಪದುಮಕ್ಕ. “ಸಡಿಲ ಬಿಟ್ರೆ ಉದುರಿ ಕಾಲ್ಬೆರಳು ಜಜ್ಜಿಹೋಗುತ್ತೆ.”

ಭಸ್ಮಾಂಗನ ಷರತ್ತಿನಂತೆ ಶಾಲೆಯಿಂದ ವರ್ಷಕ್ಕೊಬ್ಬ ಜಾಣೆ ಕೋಟೆಗೆ ಹೋಗಬೇಕು. ಮೂರು ಪರೀಕ್ಷೆ ಗೆದ್ದರೆ ಹೂವೆಲ್ಲ ವಾಪಸ್ಸು. ಸೋತವಳು ಅಲ್ಲೇ ಮುಳ್ಳುಕಂಟಿಯಾಗಬೇಕು. ಹನ್ನೊಂದು ವರ್ಷದ ಹಿಂದೆ ಸಿಂಗವ್ವ ಹೋಗಿದ್ದಳು, ಬರಲಿಲ್ಲ. ಈ ಸಲ ಅವಳ ತಂಗಿ ನೀಲಬ್ಬೆಯ ಸರದಿ.

“ನನ್ನ ಕೈ ಅಕ್ಕನ ಕೈಗಿಂತ ಹೆಚ್ಚೇನಲ್ಲ” ಎಂದಳು ನೀಲಬ್ಬೆ.

“ಗೊತ್ತು ಕಣೆ. ಆದ್ರೂ ಹಾಜರಿಯಲ್ಲಿ ನಿನ್ನ ಹೆಸರೇ ಮೇಲಿದೆ.”

ಅವಳು ಕಲ್ಲಿನ ಹಾರವೊಂದನ್ನು ಹೆಗಲಿಗೆ ಹಾಕಿಕೊಂಡು, ಒಂದು ಹಿಡಿ ಬಾಳೆನಾರು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ಕೋಟೆಯ ಮುಂದೆ ಮೂವತ್ತು ಮುಳ್ಳುಕಂಟಿಗಳಿದ್ದವು. ಅಕ್ಕ ಯಾವುದೆಂದು ತಿಳಿಯಲಿಲ್ಲ. ಒಂದೊಂದನ್ನೂ ಮುಟ್ಟಿದಳು. ಒಂದೊಂದೂ ಚುಚ್ಚಿತು.

ಮೊದಲ ಬಾಗಿಲಲ್ಲಿ ಬೆಂಕಿಯ ಹುಲಿ ಮಲಗಿತ್ತು. “ನನ್ನ ಕುತ್ತಿಗೆಗೆ ಕೆಂಡದ ಹಾರ ಕಟ್ಟು” ಎಂದಿತು. ನೀಲಬ್ಬೆ ನಾರು ನೆನೆಸಿ, ಕಲ್ಲು ಕಟ್ಟಿದಂತೆಯೇ ಕೆಂಡ ಕಟ್ಟಿದಳು. ಬೆರಳು ಬೆಂದವು, ಗಂಟು ಬಿಡಲಿಲ್ಲ.

“ಹೋಗು” ಎಂದಿತು ಹುಲಿ. “ಮೂವತ್ತು ಜನರೂ ಇಷ್ಟು ಮಾಡಿದರು.”

ಎರಡನೆಯ ಬಾಗಿಲಲ್ಲಿ ಮೂರು ಹೆಡೆಯ ಸರ್ಪ. “ಹೆಗಲ ಮೇಲಿರೋ ಹಾರ ನನಗೆ ಮಾರು. ಬೆಲೆ, ಈ ಬಾಗಿಲು.”

“ಇದು ಕಲ್ಲು” ಎಂದಿತು ಒಂದು ಹೆಡೆ.

“ಬಾಡೋದಿಲ್ಲ, ಅದಕ್ಕೇ” ಎಂದಳು ನೀಲಬ್ಬೆ.

“ಭಾರ” ಎಂದಿತು ಇನ್ನೊಂದು.

“ಮೂರು ಕುತ್ತಿಗೆ ಇದೆಯಲ್ಲ, ಹಂಚಿಕೊಳ್ಳಿ.”

“ಬೇರೆ ಕಡೆ ಕಡಿಮೆಗೆ ಕೊಡ್ತಾರೆ” ಎಂದಿತು ಮೂರನೆಯದು.

“ಹಾಗಾದ್ರೆ ಅಲ್ಲೇ ತಗೊಳ್ಳಿ” ಎಂದು ಅವಳು ತಿರುಗಿ ನಡೆದುಬಿಟ್ಟಳು. ಹತ್ತು ಹೆಜ್ಜೆಗೆ ಮೂರೂ ಹೆಡೆ ಒಟ್ಟಿಗೆ ಕೂಗಿದವು. “ಏ ಹೂವಮ್ಮಾ, ಬಾ ಇಲ್ಲಿ, ಬಾ.”

ಬಾಗಿಲು ತೆರೆಯಿತು. “ಇದನ್ನೂ ಮೂವತ್ತು ಜನ ಮಾಡಿದರು” ಎಂದಿತು ಸರ್ಪ.

ಒಳಗೆ ಭಸ್ಮಾಂಗ ಕೂತಿದ್ದ. ಅವನ ಬೆನ್ನ ಹಿಂದೆ ನಾಡಿನ ಹೂವೆಲ್ಲ ಗುಡ್ಡದಂತೆ ಬಿದ್ದಿತ್ತು. ಒಂದು ಬೊಗಸೆ ಮಲ್ಲಿಗೆ ಮೊಗ್ಗು ಅವಳ ಮುಂದೆ ಸುರಿದ. “ಇದರಲ್ಲಿ ಏಳು ಮೊಗ್ಗು ಒಂದೇ ನಾರಿನಲ್ಲಿ ನಿಲ್ಲಿಸು. ಹೂವೂ ನಿಮ್ಮದು, ಹುಡುಗಿಯರೂ ನಿಮ್ಮವರು, ನಾನು ಬೂದಿ.”

ನೀಲಬ್ಬೆ ಹುಟ್ಟಿದ ಮೇಲೆ ಮೊಗ್ಗು ನೋಡಿರಲಿಲ್ಲ. ಕೈಗೆತ್ತಿಕೊಂಡರೆ ತೂಕವೇ ಇರಲಿಲ್ಲ. ಗಂಟು ಎಳೆದಳು. ಮೊಗ್ಗಿನ ಕತ್ತು ಕಚಕ್ಕೆಂದು ಕತ್ತರಿಸಿಹೋಯಿತು. ಇನ್ನೊಂದು. ಅದೂ ಹೋಯಿತು.

“ನಿಧಾನ” ಎಂದ ಭಸ್ಮಾಂಗ. “ಎಲ್ಲರೂ ಹೀಗೇ. ಶಾಲೆ ನಿಲ್ಲಿಸಬೇಡಿ, ಕಲ್ಲಿನಲ್ಲಾದರೂ ಕಲಿಸಿ ಅಂತ ನಿಮ್ಮ ರಾಜನಿಗೆ ಹೇಳಿಕಳಿಸಿದವನು ನಾನೇ.”

ಅವಳಿಗೆ ಆಗ ತಿಳಿಯಿತು. ಹತ್ತು ವರ್ಷ ಕಲಿತದ್ದು ಹೂವಿನ ಕತ್ತು ಕೊಯ್ಯುವುದನ್ನು. ಮೆಲ್ಲಗೆ ಎಂದು ಎಷ್ಟು ಹೇಳಿಕೊಂಡರೂ ಬಲಗೈ ಕೇಳಲಿಲ್ಲ. ಕೊನೆಗೆ ನೆಲದ ಮೇಲೆ ಏಳೇ ಏಳು ಮೊಗ್ಗು ಉಳಿದವು. ಅವಳು ಅಲ್ಲೇ ಕುಸಿದು ಅತ್ತಳು. ಅಕ್ಕನೂ ಇಲ್ಲೇ ಕೂತು ಅತ್ತಿರಬೇಕು.

ಸಂಪಗೆನಾಡಿನ ಕಟ್ಟಳೆಯಲ್ಲಿ ಎಡಗೈ ಹೂ ಹಿಡಿಯಬಹುದು, ಗಂಟು ಹಾಕಕೂಡದು. ಅದು ಮೈಲಿಗೆ. ಹಾಗಾಗಿ ಎಡಗೈಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ನೀಲಬ್ಬೆ ಬಲಗೈಯನ್ನು ಮಂಡಿಯಡಿ ಅದುಮಿಟ್ಟಳು. ನಾರಿನ ತುದಿಯನ್ನು ಹಲ್ಲಲ್ಲಿ ಕಚ್ಚಿ, ಎಡಗೈಯಿಂದ ಗಂಟು ಹಾಕಿದಳು. ಮೊಗ್ಗು ವಾಲಿತು, ಆದರೆ ನಿಂತಿತು.

“ಎಡಗೈಯಾ? ಎಂಜಲು ಬೇರೆ?” ಭಸ್ಮಾಂಗ ಎದ್ದು ನಿಂತ. “ಥೂ, ಯಾವ ದೇವರು ಇದನ್ನು ಮುಡಿಯುತ್ತಾನೆ?”

ಅವಳು ನಾರು ಕಚ್ಚಿಕೊಂಡೇ ಮುಂದಿನ ಮೊಗ್ಗು ಎತ್ತಿಕೊಂಡಳು. ಏಳನೆಯ ಮೊಗ್ಗು ನಿಂತಾಗ ಅವನ ಮಾತು ಅರ್ಧಕ್ಕೇ ಬೂದಿಯಾಯಿತು. ಹಿಂದೆಯೇ ಅವನೂ ಬೂದಿಯಾದ. ಹೂಗಳೆಲ್ಲ ಹಿಂಡು ಹಿಂಡಾಗಿ ತಮ್ಮ ತಮ್ಮ ಗಿಡಗಳಿಗೆ ಹಾರಿದವು.

ಹೊರಗೆ ಮೂವತ್ತು ಹೆಂಗಸರು ನಿಂತಿದ್ದರು. ಸಿಂಗವ್ವನ ತಲೆ ಪೂರ್ತಿ ನರೆತಿತ್ತು. ನೀಲಬ್ಬೆ ಆ ಸೊಟ್ಟ ದಂಡೆಯನ್ನು ಅವಳಿಗೆ ಮುಡಿಸಿದಳು.

“ಬಿಗಿಯಾಯ್ತೇನಕ್ಕಾ?”

ಸಿಂಗವ್ವ ತಡವಿ ನೋಡಿಕೊಂಡಳು. “ಇಲ್ಲ ಕಣೆ. ಇಂಥಾ ಗಂಟು ನೋಡಿದ್ರೆ ಪದುಮಕ್ಕ ನಿನ್ನನ್ನ ಬಡೀತಾಳೆ.”

ಆ ಮೇಲೆ ಸಂಪಗೆನಾಡಿನವರೆಲ್ಲ ಸುಖವಾಗಿಯೇ ಇದ್ದರು. ಬಲಗೈಗಳು ಸಡಿಲವಾಗಲು ಮಾತ್ರ ಇನ್ನೊಂದು ತಲೆಮಾರು ಬೇಕಾಯಿತು.