ಬಾಯಿಗೆ ಅಡ್ಡ ಹಿಡಿದ ಕೈ

ಹಲ್ಲಿನ ಆಸ್ಪತ್ರೆಯ ಬಾಗಿಲು ತಳ್ಳಿ ಒಳಗೆ ಬಂದ ಟೈಲರ್ ಅಲ್ಲೇ ನಿಂತುಬಿಟ್ಟಳು. ಯಾರ ಕಣ್ಣಿಗೆ ಬೀಳಬಾರದೆಂದು ಮೂರು ತಿಂಗಳಿಂದ ತನ್ನ ಅಂಗಡಿಯ ಹಿಂಬಾಗಿಲಲ್ಲಿ ಓಡಾಡುತ್ತಿದ್ದಳೋ, ಆ ಕನ್ನಡಕದಂಗಡಿಯವನೇ ಬೆಂಚಿನ ಮೇಲೆ ಕೂತಿದ್ದ.

ಖಾಲಿ ಇದ್ದದ್ದು ಅವನ ಪಕ್ಕದ ಜಾಗವೊಂದೇ. ದೇವರಿಗೂ ಆಗಾಗ ತಮಾಷೆ ಬೇಕು ನೋಡಿ.

ಇಬ್ಬರದೂ ಅಕ್ಕಪಕ್ಕದ ಅಂಗಡಿ. ಅವಳಿಗೆ ನಲವತ್ತೆರಡು, ಅವನಿಗೆ ಮೂರು ಜಾಸ್ತಿ. ಮೂರು ತಿಂಗಳ ಹಿಂದೆ ಅವನು ಅವಳ ಅಂಗಡಿ ಬಾಗಿಲಿಗೆ ಬಂದು, ತುಟಿ ಬಿಗಿಹಿಡಿದು, ಮುಖದಲ್ಲಿ ಒಂಚೂರೂ ನಗುವಿಲ್ಲದೆ, "ನಾವಿಬ್ರೂ ಮದುವೆ ಆಗೋಣ್ವಾ?" ಎಂದು ಕೇಳಿದ್ದ.

ವರ್ಷಗಟ್ಟಲೆ ಅವಳು ಕಾದಿದ್ದ ಮಾತದು. ಆದರೆ ಆ ಬೆಳಿಗ್ಗೆಯೇ ಅವಳ ಹಲ್ಲಿಗೆ ತಂತಿ ಬಿದ್ದಿತ್ತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿಹೋಗಿದ್ದಳು. ಅವನು ಮತ್ತೆ ಕೇಳಲಿಲ್ಲ.

ಅವಳ ಕಷ್ಟ ಅವಳಿಗೆ. ವಸಡಿನ ಕಾಯಿಲೆಯಿಂದ ಬುಡ ಸಡಿಲವಾಗಿ, ಮುಂದಿನ ಹಲ್ಲುಗಳು ಒಂದೊಂದು ದಿಕ್ಕಿಗೆ ಸರಿದಿದ್ದವು. ಡಾಕ್ಟರಮ್ಮ ಆರು ತಿಂಗಳು ವಸಡನ್ನೇ ಕ್ಲೀನ್ ಮಾಡಿ, ರಕ್ತ ನಿಂತ ಮೇಲೇ ತಂತಿ ಹಾಕಿದ್ದು. ಹಲ್ಲಲ್ಲಿ ಗುಂಡುಪಿನ್ ಕಚ್ಚಿಕೊಂಡು ಬಟ್ಟೆ ಹೊಲಿಯುವ ಇಪ್ಪತ್ತು ವರ್ಷದ ಚಾಳಿಯನ್ನೂ ಬಿಡಿಸಿದ್ದರು. "ಈ ವಯಸ್ಸಲ್ಲಿ ಇದೆಲ್ಲ ಯಾಕೆ ನಿಂಗೆ?" ಎಂದು ಅತ್ತಿಗೆ ನಕ್ಕಿದ್ದಳು. ಅವನೂ ಹಾಗೇ ನಕ್ಕುಬಿಟ್ಟರೆ ತಡೆಯಲಾರೆ ಎನಿಸಿತ್ತು ಅವಳಿಗೆ.

"ನೀವು ಇಲ್ಲಿ?" ಅವನ ಪಕ್ಕ ಕೂತು, ಬಾಯಿಗೆ ಅಂಗೈ ಅಡ್ಡ ಹಿಡಿದೇ ಕೇಳಿದಳು.

"ಹಲ್ಲು," ಎಂದ ಅವನು, ಕರವಸ್ತ್ರದ ಮರೆಯಿಂದ. "ಮುಂದಿನವೆರಡು ಅಲ್ಲಾಡ್ತಿವೆ. ನಡುವೆ ಸಂದಿ ಬೇರೆ. ವರ್ಷದಿಂದ ನಗೋದೇ ಬಿಟ್ಟಿದೀನಿ."

"ಹಾಗಾದ್ರೆ ಆವತ್ತು ಮುಖ ಗಂಟು ಹಾಕ್ಕೊಂಡು ಕೇಳಿದ್ದು..."

"ನಕ್ಕಿದ್ರೆ ಸಂದಿ ಕಾಣ್ತಿತ್ತಲ್ಲ. ನೀವು ನೋಡಿದ್ರೆ ಬಾಯಿ ಮುಚ್ಕೊಂಡು ಓಡಿದ್ರಿ. ನನ್ನ ಬಾಯಿ ವಾಸನೆಗೇ ಅಂದ್ಕೊಂಡೆ."

ಪಾಪ, ಮೂರು ತಿಂಗಳು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೊರಗಿದ್ದಾನೆ. ಅವಳು ಕೈ ಕೆಳಗಿಳಿಸಿ, ತಂತಿ ಪೂರ್ತಿ ಕಾಣುವಂತೆ ನಕ್ಕಳು.

ಅವನು ಕನ್ನಡಕ ಹಣೆಗೇರಿಸಿ, ಫ್ರೇಮ್ ನೋಡುವವನ ಹಾಗೆ ಬಗ್ಗಿ ನೋಡಿದ. "ತಂತಿ ನೀಟಾಗಿ ಬಗ್ಗಿಸಿದ್ದಾರೆ," ಎಂದ. ನೋಡಿ ಮುಗಿದ ಮೇಲೂ ಅವನ ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ. ಅವಳ ಕೆನ್ನೆ ಬಿಸಿಯಾಯಿತು.

ಅಷ್ಟರಲ್ಲಿ ಅವನನ್ನು ಒಳಗೆ ಕರೆದರು. ಮುಕ್ಕಾಲು ಗಂಟೆ ಅವಳು ಹಳೇ ಪತ್ರಿಕೆಯ ಒಂದೇ ಪುಟ ನೋಡುತ್ತ ಕೂತಳು. ಕೊನೆಗೆ ಡಾಕ್ಟರಮ್ಮನೇ ಅವನನ್ನು ಹೊರಗೆ ಕರೆತಂದರು.

"ಹಲ್ಲು ಉಳಿಯತ್ತೆ. ವಸಡು ವಾಸಿಯಾಗ್ಲಿ, ಆಮೇಲೆ ಇವ್ರಿಗೂ ತಂತಿ. ಮರಗಟ್ಟೋ ಇಂಜೆಕ್ಷನ್ ಕೊಟ್ಟಿದೀನಿ, ಈಗ ಮಾತಾಡಿಸ್ಬೇಡಿ."

ಮಾತಾಡಿಸದೆ ಹೇಗಿರುತ್ತಾಳೆ? ಎದ್ದು ಅವನ ಎದುರಿಗೇ ನಿಂತಳು. "ನಾವಿಬ್ರೂ ಮದುವೆ ಆಗೋಣ್ವಾ?"

ಅವನು ಸರಕ್ಕನೆ ಕೈಯಿಂದ ಬಾಯಿ ಮುಚ್ಚಿಕೊಂಡ. ಅವಳ ಜೀವ ಬಾಯಿಗೆ ಬಂತು. ಆದರೂ ಜಾಗ ಬಿಟ್ಟು ಅಲ್ಲಾಡಲಿಲ್ಲ. ಅವನ ಕೈ ಹಿಡಿದು ಮೆಲ್ಲನೆ ಕೆಳಗಿಳಿಸಿದಳು.

ತುಟಿ ಒಂದು ಪಕ್ಕ ಮರಗಟ್ಟಿ, ನಗುವೆಲ್ಲ ಇನ್ನೊಂದು ಪಕ್ಕಕ್ಕೆ ಜಾರಿತ್ತು. ಸಂದಿ ಢಾಳಾಗಿ ಕಾಣುತ್ತಿತ್ತು. ಅವನು ಹೂಂ ಎಂದು ತಲೆಯಾಡಿಸಿದ. ಒಂದಲ್ಲ, ನಾಲ್ಕು ಸಲ.

"ಅಬ್ಬಾ," ಎಂದಳು ಅವಳು. ಹಿಡಿದ ಕೈ ಬಿಡಲಿಲ್ಲ.